ಹೂವರ್ ಸಾಹೇಬರ ಸೀರಿಯಲ್ಲು

ಅಮೆರಿಕದಲ್ಲಿ 1965ರಿಂದ 1974ರವರೆಗೆ, ಒಂಬತ್ತು ಸೀಸನ್, ಭಾನುವಾರ ರಾತ್ರಿ ಆಯ್ತು ಅಂದ್ರೆ ಟಿವಿಯಲ್ಲಿ ಒಬ್ಬ ಅಧಿಕಾರಿ ಹಾಜರ್. ಸೂಟು, ಬೂಟು, ಅಳೆದು ತೂಗಿದ ಮಾತು. ಹೆಸರು ಇನ್ಸ್‌ಪೆಕ್ಟರ್ ಲೂಯಿಸ್ ಅರ್ಸ್ಕಿನ್. ಪಾತ್ರ ಮಾಡಿದವರು ಎಫ್ರೆಮ್ ಜಿಂಬಲಿಸ್ಟ್ ಜೂನಿಯರ್. ಎಬಿಸಿಯಲ್ಲಿ ಬರುತ್ತಿದ್ದ, ಕ್ವಿನ್ ಮಾರ್ಟಿನ್ ನಿರ್ಮಾಣದ ಆ ಧಾರಾವಾಹಿ ‘ದಿ ಎಫ್‌ಬಿಐ’.

ಈ ಸೀರಿಯಲ್ಲಿಗೆ ತೆರೆಯ ಹಿಂದೆ ಇನ್ನೊಬ್ಬ ಯಜಮಾನ ಇದ್ದ. ಯಾರು ಗೊತ್ತಾ? ಸ್ವತಃ ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್! ಸ್ಕ್ರಿಪ್ಟುಗಳು ಮೊದಲು ಎಫ್‌ಬಿಐ ಕಚೇರಿಗೆ ಹೋಗಬೇಕು, ಅಲ್ಲಿ ಒಪ್ಪಿಗೆ ಸಿಗಬೇಕು. ನಟರ ಪೂರ್ವಾಪರವನ್ನೂ ಎಫ್‌ಬಿಐ ಜಾಲಾಡುತ್ತಿತ್ತು. ಶೂಟಿಂಗ್ ಜಾಗದಲ್ಲಿ ಸಲಹೆ ಕೊಡೋಕೆ ಅಂತ ಒಬ್ಬ ಏಜೆಂಟ್ ಇರುತ್ತಿದ್ದ. ಪ್ರಾಯೋಜಕರು ಫೋರ್ಡ್ ಕಂಪನಿ. ಹಾಗಾಗಿ ತೆರೆಯ ಮೇಲಿನ ಏಜೆಂಟರು ಓಡಿಸುತ್ತಿದ್ದ ಕಾರೂ ಫೋರ್ಡೇ!

ಇದರಿಂದ ಇಲಾಖೆಗೆ ಲಾಭವೂ ಇತ್ತು. ಕೆಲವು ಕಂತುಗಳ ಕೊನೆಯಲ್ಲಿ ಜಿಂಬಲಿಸ್ಟ್ ನಿಜವಾದ ಆರೋಪಿಗಳ ಫೋಟೋ ತೋರಿಸಿ ಜನರ ಸಹಾಯ ಕೇಳುತ್ತಿದ್ದರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ, ಜೇಮ್ಸ್ ಅರ್ಲ್ ರೇ ಫೋಟೋ ಬಂದಿದ್ದೂ ಹೀಗೇ.

ಆದರೆ ಸೀರಿಯಲ್ಲು ಹೇಳದ ಕಥೆ ಬೇರೆಯೇ ಇತ್ತು. ಕಿಂಗ್ ಬದುಕಿದ್ದಾಗ ಅವರ ಫೋನ್ ಕದ್ದಾಲಿಸಿದ್ದು, ಹೋಟೆಲ್ ಕೋಣೆಗಳಲ್ಲಿ ಗುಟ್ಟಾಗಿ ಮೈಕ್ ಇಟ್ಟಿದ್ದು ಯಾರು? ಇದೇ ಎಫ್‌ಬಿಐ!

ಗುಟ್ಟು ಹೊರಬಿದ್ದ ರೀತಿ ಸಿನಿಮಾನೇ ಸರಿ. 1971ರ ಮಾರ್ಚ್ 8. ಮೊಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಬಾಕ್ಸಿಂಗ್ ಪಂದ್ಯದ ರಾತ್ರಿ. ಊರಿಗೆ ಊರೇ ರೇಡಿಯೊಗೆ ಕಿವಿಕೊಟ್ಟಿರುತ್ತೆ ಅಂತ ಲೆಕ್ಕ ಹಾಕಿ, ಯುದ್ಧವಿರೋಧಿ ಹೋರಾಟಗಾರರ ಪುಟ್ಟ ಗುಂಪೊಂದು ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೇ ನುಗ್ಗಿತು. ಸೂಟ್‌ಕೇಸುಗಳಲ್ಲಿ ಕಡತ ತುಂಬಿಕೊಂಡು ಹೋಯಿತು. ಪ್ರತಿಗಳನ್ನು ಪತ್ರಿಕೆಗಳಿಗೆ ಕಳಿಸಿತು. ಹೋರಾಟಗಾರರು, ವಿದ್ಯಾರ್ಥಿಗಳು, ಕಪ್ಪುಜನರ ಸಂಘಟನೆಗಳ ಮೇಲಿನ ಬೇಹುಗಾರಿಕೆ ಬಯಲಾಯಿತು. ‘ಕೊಯಿಂಟೆಲ್‌ಪ್ರೊ’ ಅನ್ನೋ ಗುಪ್ತ ಕಾರ್ಯಾಚರಣೆಯ ಹೆಸರು ಹೊರಬಂದಿದ್ದೂ ಆ ಕಡತಗಳಿಂದಲೇ.

ಮುಂದಿನದು ಕೇಳಿ. ಇನ್ನೂರು ಏಜೆಂಟರು ಬೆನ್ನುಹತ್ತಿದರೂ ಆ ‘ಕಳ್ಳರು’ ಸಿಗಲೇ ಇಲ್ಲ. 1976ರಲ್ಲಿ ಕೇಸ್ ಮುಚ್ಚಿದರು. ಅವರಲ್ಲಿ ಹಲವರು ತಾವಾಗೇ ಹೆಸರು ಹೇಳಿಕೊಂಡಿದ್ದು 2014ರಲ್ಲಿ! ಅರ್ಸ್ಕಿನ್ ಸಾಹೇಬರು ಮಾತ್ರ ಭಾನುವಾರ ಭಾನುವಾರ ಕಳ್ಳರನ್ನು ಹಿಡಿಯುತ್ತಲೇ ಇದ್ದರು.

ಜಿಂಬಲಿಸ್ಟ್ ಒಳ್ಳೆಯ ನಟ. ಎಷ್ಟರಮಟ್ಟಿಗೆ ಅಂದ್ರೆ 2009ರಲ್ಲಿ ಎಫ್‌ಬಿಐ ಅವರಿಗೆ ಗೌರವ ಏಜೆಂಟ್ ಬ್ಯಾಡ್ಜ್ ಕೊಟ್ಟಿತು. ತಪ್ಪು ನಟನದಲ್ಲ. ತನಿಖೆ ಮಾಡುವವನೇ ತನ್ನ ಕಥೆಯನ್ನೂ ತಿದ್ದಿದರೆ, ಆ ಕಥೆಯಲ್ಲಿ ಅವನ ತಪ್ಪಿಗೆ ಜಾಗ ಎಲ್ಲಿರುತ್ತೆ?

ಇವತ್ತೂ ‘ಸತ್ಯಘಟನೆ ಆಧಾರಿತ’ ಅಂತ ತನಿಖಾ ಸಂಸ್ಥೆಗಳ ಕಥೆಗಳು ಬರ್ತಾನೇ ಇವೆ. ನೋಡಿ, ಬೇಡ ಅನ್ನಲ್ಲ. ಆದರೆ ಸ್ಕ್ರಿಪ್ಟಿಗೆ ಒಪ್ಪಿಗೆ ಕೊಟ್ಟಿದ್ದು ಯಾರು ಅಂತ ಒಮ್ಮೆ ಕೇಳಿಕೊಳ್ಳಿ. ‘ಪೊಲೀಸ್ ಮೂಲಗಳ ಪ್ರಕಾರ’ ಅಂತ ದಿನಾ ಸುದ್ದಿ ಓದುವ ನಮ್ಮಂಥವರನ್ನೂ ಕೇಳಿ.