ಪರದೆಯ ಮೇಲೆ ಕಂಡ ರೈಲು, ಕಾಣದ ಮನುಷ್ಯರು

ಯುದ್ಧದ ದೃಶ್ಯಗಳು ಇಂದು ನಮ್ಮ ಮನೆಯ ಟಿ.ವಿ.ಯೊಳಗೇ ಬರುತ್ತವೆ. ಗುರಿಯ ಗೆರೆ, ಕ್ಷಣಾರ್ಧದಲ್ಲಿ ಒಂದು ಸ್ಫೋಟ, ಅಷ್ಟೇ. ಮಕ್ಕಳು ಅದನ್ನು ಆಟವೆಂದೇ ಭಾವಿಸುತ್ತಾರೆ. ಆದರೆ ಆ ಗೆರೆಗಳ ನಡುವೆ ಯಾರಿದ್ದರು?

1999ರ ಏಪ್ರಿಲ್ 12. ಸೆರ್ಬಿಯಾದ ಕ್ರೈಸ್ತರು ಈಸ್ಟರ್ ಆಚರಿಸಿದ ಮರುದಿನ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಪ್ರಯಾಣಿಕರ ರೈಲೊಂದು ಗ್ರ್ದೆಲಿತ್ಸಾ ಕಣಿವೆಯಲ್ಲಿ ದಕ್ಷಿಣ ಮೊರಾವಾ ನದಿಯ ಸೇತುವೆಗೆ ಬಂದಿತ್ತು. ಅದೇ ಸೇತುವೆಯನ್ನು ಕೆಡವಲು ನ್ಯಾಟೋದ ಯುದ್ಧವಿಮಾನವೊಂದು ದೂರದಿಂದಲೇ ಬಾಂಬ್ ಬಿಟ್ಟಿತ್ತು. ಬಾಂಬಿನ ಮೂತಿಯಲ್ಲಿದ್ದ ಕ್ಯಾಮರಾ ವಿಮಾನದ ಪರದೆಗೆ ಚಿತ್ರ ಕಳುಹಿಸುತ್ತಿತ್ತು. ಬಾಂಬ್ ರೈಲಿಗೆ ಬಡಿಯಿತು. ಬಳಿಕ ಸೇತುವೆಯ ಇನ್ನೊಂದು ತುದಿಗೆ ಗುರಿಯಿಟ್ಟು ಬಿಟ್ಟ ಎರಡನೇ ಬಾಂಬ್ ಕೂಡ ರೈಲನ್ನೇ ತಾಗಿತು. ಕನಿಷ್ಠ 10 ಮಂದಿ ನಾಗರಿಕರು ಸತ್ತರು.

ಮರುದಿನ ನ್ಯಾಟೋದ ಸೇನಾ ಮುಖ್ಯಸ್ಥ ಜನರಲ್ ವೆಸ್ಲಿ ಕ್ಲಾರ್ಕ್ ಆ ಚಿತ್ರೀಕರಣವನ್ನು ಪತ್ರಕರ್ತರಿಗೆ ತೋರಿಸಿದರು. ರೈಲು ಕಂಡಾಗ ಒಂದು ಸೆಕೆಂಡ್ ಕೂಡ ಉಳಿದಿರಲಿಲ್ಲ ಎಂಬುದು ಅವರ ವಿವರಣೆ. ದೃಶ್ಯ ನೋಡಿದವರಿಗೂ ಹಾಗೆಯೇ ಅನಿಸಿತು. ರೈಲು ಮಿಂಚಿನಂತೆ ಬಂದು ಸೇತುವೆ ಏರಿತ್ತು.

ಆದರೆ 2000ದ ಜನವರಿಯಲ್ಲಿ ಜರ್ಮನಿಯ ಪತ್ರಿಕೆಯೊಂದು ಸತ್ಯ ಹೊರಗೆಡವಿತು. ತೋರಿಸಿದ ಚಿತ್ರ ನಿಜವಾದ ವೇಗಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಓಡಿತ್ತು! ನ್ಯಾಟೋ ಇದನ್ನು ಒಪ್ಪಿಕೊಂಡಿತು. ಅದು ತಾಂತ್ರಿಕ ದೋಷ, ಉದ್ದೇಶಪೂರ್ವಕವಲ್ಲ ಎಂದಿತು.

ಯುಗೊಸ್ಲಾವಿಯಾ ಕುರಿತ ಅಂತಾರಾಷ್ಟ್ರೀಯ ನ್ಯಾಯಮಂಡಳಿಯ ಸಮಿತಿಯೊಂದು ಇದನ್ನು ಪರಿಶೀಲಿಸಿತು. ವೇಗ ತಗ್ಗಿಸಿ ಲೆಕ್ಕ ಹಾಕಿದರೂ ಮೊದಲ ಬಾಂಬನ್ನು ತಿರುಗಿಸಲು ಸಿಗುತ್ತಿದ್ದ ಸಮಯ ತೀರಾ ಕಡಿಮೆ ಎಂದು ಅದು ಅಭಿಪ್ರಾಯಪಟ್ಟಿತು. ಎರಡನೆಯದರ ಬಗ್ಗೆ ಸದಸ್ಯರಲ್ಲೇ ಒಮ್ಮತವಿರಲಿಲ್ಲ. ಕೊನೆಗೆ ತನಿಖೆ ಬೇಡವೆಂದು ಶಿಫಾರಸು ಮಾಡಿತು.

ಕೊಸೊವೊದ ಅಲ್ಬೇನಿಯನ್ನರನ್ನು ಸೆರ್ಬ್ ಪಡೆಗಳ ಕ್ರೌರ್ಯದಿಂದ ಕಾಪಾಡಲೆಂದೇ ಈ ಯುದ್ಧ ಎಂದು ನ್ಯಾಟೋ ಹೇಳಿತ್ತು. ಅಲ್ಬೇನಿಯನ್ನರಲ್ಲಿ ಹೆಚ್ಚಿನವರು ಮುಸ್ಲಿಮರು. ಆ ಕ್ರೌರ್ಯ ಸುಳ್ಳಲ್ಲ. ಲಕ್ಷಾಂತರ ಜನ ಮನೆಮಠ ಬಿಟ್ಟು ಓಡಿದ್ದರು. ಆದರೆ ರೈಲಿನ ಘಟನೆಯ ಎರಡೇ ದಿನಗಳ ಬಳಿಕ, ಏಪ್ರಿಲ್ 14ರಂದು, ಜಾಕೊವಾ ಬಳಿ ಟ್ರ್ಯಾಕ್ಟರ್‌ಗಳಲ್ಲಿ ಸಾಗುತ್ತಿದ್ದ ಅದೇ ನಿರಾಶ್ರಿತರ ಮೇಲೂ ನ್ಯಾಟೋ ಬಾಂಬ್‌ಗಳು ಬಿದ್ದವು. 70ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಎತ್ತರದಿಂದ ನೋಡುವ ಕಣ್ಣಿಗೆ ಸೆರ್ಬ್ ಪ್ರಯಾಣಿಕನೂ ಅಲ್ಬೇನಿಯನ್ ತಾಯಿಯೂ ಒಂದೇ, ಇಬ್ಬರೂ ಕಾಣುವುದಿಲ್ಲ.

ಬಾಂಬಿನ ಕ್ಯಾಮರಾ ಗುರಿ ಮುಟ್ಟಿದ ಕ್ಷಣವೇ ಕುರುಡಾಗುತ್ತದೆ. ಪರದೆ ಖಾಲಿಯಾಗುತ್ತದೆ. ಡಬ್ಬಿಯೊಳಗಿನವರ ಪಾಡು ಶುರುವಾಗುವುದೇ ಅಲ್ಲಿಂದ. ಅದನ್ನು ಆ ಕ್ಯಾಮರಾ ಎಂದೂ ತೋರಿಸದು.

ಇನ್ನೊಮ್ಮೆ ಅಂಥ ದೃಶ್ಯ ಬಂದಾಗ, ಪಕ್ಕದಲ್ಲಿ ಕುಳಿತ ಮಗುವಿಗೆ ಒಂದು ಮಾತು ಹೇಳಿ: ಮಗಾ, ಅದರೊಳಗೆ ಊರಿಗೆ ಹೊರಟ ಜನರಿದ್ದರು.