ನಿಮಗಿದು ಗೊತ್ತೇ? ಹನ್ನೆರಡು ಇಂಚಿನಲ್ಲಿ ಒಂದೇ ಹಾಡು

ಹನ್ನೆರಡು ಇಂಚಿನ ಸಿಂಗಲ್ ರೆಕಾರ್ಡು ಹುಟ್ಟಿದ್ದು ಸ್ಟಾಕ್ ಖಾಲಿಯಾಗಿದ್ದರಿಂದ! 1970ರ ದಶಕದ ನಡುವೆ, ನ್ಯೂಯಾರ್ಕ್‌ನಲ್ಲಿ, ಟಾಮ್ ಮೌಲ್ಟನ್ ಎಂಬ ಮಿಕ್ಸಿಂಗ್ ನಿಪುಣ ಒಂದು ಹಾಡಿನ ಮಾದರಿ ಪ್ರತಿ ಕೊರೆಸಲು ಎಂಜಿನಿಯರ್ ಹೊಸೆ ರೊಡ್ರಿಗಸ್ ಬಳಿ ಹೋದರು. ಏಳಿಂಚಿನ ಖಾಲಿ ತಟ್ಟೆಗಳು ಮುಗಿದಿದ್ದವು. ಕೈಗೆ ಸಿಕ್ಕ ದೊಡ್ಡ ತಟ್ಟೆಯ ಮೇಲೇ ಕೊರೆಯಬೇಕಾಯಿತು. ಅಷ್ಟಗಲದ ತಟ್ಟೆಯಲ್ಲಿ ಬೆರಳೆಣಿಕೆಯಷ್ಟು ಗೆರೆ ಇದ್ದರೆ ಚೆಂದವಲ್ಲವೆಂದು ಗೆರೆಗಳನ್ನು ಹರಡಿ, ದನಿ ಏರಿಸಿ ಕೊರೆದರು. ಕೇಳಿದ ಮೌಲ್ಟನ್ ಬೆರಗಾದರು.

ಬೆರಗಿಗೆ ಕಾರಣವಿದೆ. ಮಂದ್ರದ ದನಿ ಜೋರಾದಷ್ಟೂ ಗೆರೆ ಆಚೀಚೆ ಹೆಚ್ಚು ಓಲಾಡುತ್ತದೆ, ಓಲಾಡಲು ಜಾಗ ಬೇಕು. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷ ತುಂಬಿದರೆ ಆ ಜಾಗ ಇರುವುದಿಲ್ಲ. ಒಂದೇ ಹಾಡಿದ್ದರೆ ಬೇಕಾದಷ್ಟಿರುತ್ತದೆ.

ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಹನ್ನೆರಡಿಂಚಿನ ಸಿಂಗಲ್ ಎಂದು ಸಾಮಾನ್ಯವಾಗಿ ಹೆಸರಿಸುವುದು 1976ರಲ್ಲಿ ಸಾಲ್‌ಸೋಲ್ ಕಂಪನಿ ತಂದ ‘ಟೆನ್ ಪರ್ಸೆಂಟ್’ ಅನ್ನು. ಡಬಲ್ ಎಕ್ಸ್‌ಪೋಷರ್ ತಂಡದ ಈ ಹಾಡನ್ನು ವಾಲ್ಟರ್ ಗಿಬ್ಬನ್ಸ್ ಒಂಬತ್ತು ನಿಮಿಷಕ್ಕೂ ಮೀರಿ ಹಿಗ್ಗಿಸಿದ್ದರು.

ಈ ಉದ್ದ ಹಾಡುಗಳು ಡಿಸ್ಕೊ ಎಂಬ ಕುಣಿತದ ಸಂಗೀತದವು. ಅದನ್ನು ಕಂಡರಾಗದವರೂ ಇದ್ದರು. 1979ರ ಜುಲೈ 12. ಷಿಕಾಗೊದ ಕೋಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಜನ ಒಳನುಗ್ಗಿದ್ದರಿಂದ ಆ ಸಂಜೆಯ ಎರಡನೇ ಪಂದ್ಯ ನಡೆಯಲೇ ಇಲ್ಲ. ಡಿಸ್ಕೊ ಎಂಬ ಹೆಸರೇ ದೊಡ್ಡ ಕಂಪನಿಗಳಿಗೆ ಬೇಡವಾಯಿತು. ಕುಣಿಯುವವರು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಅವರಿಗೆ ಹಾಡು ಕೊಟ್ಟವು ಪ್ರಿಲ್ಯೂಡ್, ವೆಸ್ಟ್ ಎಂಡ್, ಸ್ಯಾಮ್‌ನಂಥ ನ್ಯೂಯಾರ್ಕ್‌ನ ಸಣ್ಣ ಕಂಪನಿಗಳು. ಇವತ್ತು ಸಂಗ್ರಾಹಕರು ‘ಬೂಗಿ’ ಎಂದು ಕರೆಯುವುದು ಈ ಹಾಡುಗಳನ್ನೇ.

ಡಿಸ್ಕೊದ ಪಿಟೀಲುಗಳ ಸಾಲು ಬೂಗಿಯಲ್ಲಿ ತೆಳುವಾಯಿತು. ಬದಲಿಗೆ ಬಂದದ್ದು ಸಿಂಥಸೈಜರ್‌ನಿಂದ ಹೊಮ್ಮಿದ ದಪ್ಪ ಬೇಸ್. 1981ರಲ್ಲಿ ಪ್ರಿಲ್ಯೂಡ್ ತಂದ ‘ಯು ಆರ್ ದ ಒನ್ ಫಾರ್ ಮಿ’ ಕೇಳಿ. ಈ ಹಾಡಿನ ತಂಡ ಡಿ ಟ್ರೇನ್ ಎಂದರೆ ಇಬ್ಬರೇ: ಹಾಡಲು ಜೇಮ್ಸ್ ವಿಲಿಯಮ್ಸ್, ಕೀಬೋರ್ಡಿಗೆ ಹ್ಯೂಬರ್ಟ್ ಈವ್ಸ್.

ವೇಗವೂ ತಗ್ಗಿತು. ಡಿಸ್ಕೊ ನಿಮಿಷಕ್ಕೆ 120ರ ಆಸುಪಾಸು ಬಡಿಯುತ್ತಿದ್ದರೆ, ಟಾನಾ ಗಾರ್ಡ್ನರ್ 1981ರಲ್ಲಿ ಹಾಡಿದ ‘ಹಾರ್ಟ್‌ಬೀಟ್’ 100ರ ಹತ್ತಿರ ನಿಂತಿತು. ಮಿಕ್ಸ್ ಮಾಡಿದ್ದು ಪ್ಯಾರಡೈಸ್ ಗ್ಯಾರೇಜ್ ಕ್ಲಬ್ಬಿನ ಲ್ಯಾರಿ ಲೆವಾನ್. ನನ್ನ ಮಟ್ಟಿಗೆ ಇದಕ್ಕಿಂತ ಧೈರ್ಯದ ಕುಣಿತದ ಹಾಡು ಆ ದಶಕದಲ್ಲಿಲ್ಲ.

ಹಿಮ ಬಿದ್ದು ಕೆಲಸ ಹೋದ ಕಥೆ! 1983ರಲ್ಲಿ ಜಿಮ್ಮಿ ಜ್ಯಾಮ್, ಟೆರ್ರಿ ಲೂಯಿಸ್ ಎಂಬ ಸಂಗೀತಗಾರರು ಎಸ್‌ಒಎಸ್ ಬ್ಯಾಂಡ್‌ನ ಹಾಡುಗಳಿಗಾಗಿ ಅಟ್ಲಾಂಟಾಕ್ಕೆ ಹೋಗಿ ಹಿಮಪಾತದಲ್ಲಿ ಸಿಕ್ಕಿಕೊಂಡರು. ತಮ್ಮ ತಂಡ ‘ದ ಟೈಮ್’ನ ಕಾರ್ಯಕ್ರಮ ತಪ್ಪಿತು. ಆ ತಂಡವನ್ನು ಕಟ್ಟಿದ್ದ ಪ್ರಿನ್ಸ್ ಇಬ್ಬರನ್ನೂ ತೆಗೆದುಹಾಕಿದರು. ಎಸ್‌ಒಎಸ್ ಬ್ಯಾಂಡಿಗೆ ಈ ಇಬ್ಬರು ಅದೇ ವರ್ಷ ಕೊಟ್ಟ ‘ಜಸ್ಟ್ ಬಿ ಗುಡ್ ಟು ಮಿ’ಯನ್ನು ಸಂಗ್ರಾಹಕರು ಇನ್ನೂ ಹುಡುಕಿ ಕೊಳ್ಳುತ್ತಾರೆ.

ರೆಕಾರ್ಡನ್ನು ದೀಪಕ್ಕೆ ಓರೆ ಹಿಡಿಯಿರಿ. ಹಾಡು ಮುಗಿದ ಮೇಲಿನ ನುಣುಪು ಪಟ್ಟಿಯಲ್ಲಿ ಅಂಕಿ ಅಕ್ಷರಗಳು ಕಾಣುತ್ತವೆ. ಆ ಕಾಲದ ನ್ಯೂಯಾರ್ಕ್ ರೆಕಾರ್ಡುಗಳಲ್ಲಿ ಅವನ್ನು ಕೊರೆಯುತ್ತಿದ್ದ ಹರ್ಬ್ ಪವರ್ಸ್ ಜೂನಿಯರ್ ತಮ್ಮ ಹೆಸರಿನ ಜೊತೆ ನಗುವ ಮುಖವನ್ನೂ ಗೀಚುತ್ತಿದ್ದರು. ಮರುಮುದ್ರಣದಲ್ಲಿ ಬೇರೆ ಬರಹವಿದ್ದರೆ ಹೊಸದಾಗಿ ಕೊರೆದಿದ್ದಾರೆಂದು ತಿಳಿಯಿರಿ.

ಹಳೆಯ ಪ್ರತಿಯೇ ಶ್ರೇಷ್ಠ ಎಂಬ ಮಾತು ಎಲ್ಲ ಸಲವೂ ನಿಲ್ಲುವುದಿಲ್ಲ. ಅಮೆರಿಕದ ಎಷ್ಟೋ ಏಳಿಂಚಿನ ಸಿಂಗಲ್‌ಗಳನ್ನು ವಿನೈಲ್ ಬಿಟ್ಟು ಪಾಲಿಸ್ಟೈರೀನ್‌ನಲ್ಲಿ ಅಚ್ಚು ಹಾಕುತ್ತಿದ್ದರು. ಅದು ಬೇಗ ಸವೆದು ಕರಕರ ಎನ್ನುತ್ತದೆ. ಅಂಥ ಹಾಡಿಗೆ ಮೂಲ ಟೇಪಿನಿಂದ ತೆಗೆದ ಹೊಸ ವಿನೈಲ್ ಪ್ರತಿಯೇ ಮೇಲು.

ಹೊಸ ಪ್ರತಿ ಕೊರೆಯಲು ತಟ್ಟೆಯೂ ಬೇಕಲ್ಲ! 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಮೊದಲ ಅಚ್ಚು ಕೊರೆಯುವ ಲ್ಯಾಕರ್ ತಟ್ಟೆ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ ಇದ್ದವು. ಉಳಿದದ್ದು ಜಪಾನಿನ ಒಂದು.

ನಮ್ಮ ದೇಶದ ಒಂದು ರೆಕಾರ್ಡಿನ ಕಥೆಯೂ ಇದೆ. 1982ರಲ್ಲಿ ಕಲ್ಕತ್ತೆಯ ಮೆಗಾಫೋನ್ ಕಂಪನಿ ‘ಡಿಸ್ಕೊ ಜಾಝ್’ ಎಂಬ ಎಲ್‌ಪಿ ತಂದಿತು. ಬಂಗಾಳಿ ಗಾಯಕಿ ರೂಪಾ ಬಿಸ್ವಾಸ್ ಅದನ್ನು ಹಾಡಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಸರೋದ್ ನುಡಿಸಿದ್ದು ಆಶಿಷ್ ಖಾನ್. ರೆಕಾರ್ಡು ಓಡಲಿಲ್ಲ. ರೂಪಾ ಅದನ್ನು ಮರೆತೇಬಿಟ್ಟರು. ದಶಕಗಳ ನಂತರ ಮಗ ಅಂತರ್ಜಾಲದಲ್ಲಿ ಹುಡುಕಿದಾಗ, ಅಮ್ಮನ ಹಾಡಿಗೆ ಲೋಕವೆಲ್ಲ ಕುಣಿಯುತ್ತಿರುವುದು ಗೊತ್ತಾಯಿತು. 2019ರಲ್ಲಿ ಷಿಕಾಗೊದ ನ್ಯೂಮೆರೊ ಗ್ರೂಪ್ ಅದನ್ನು ಮರುಮುದ್ರಿಸಿತು.

ಹಳೆಯ ಪ್ರತಿ ಸಾವಿರಾರು ರೂಪಾಯಿಗೆ ಕೈ ಬದಲಾಯಿಸಿದಾಗ ಹಾಡಿದವರಿಗೆ ಬಿಡಿಗಾಸೂ ಹೋಗುವುದಿಲ್ಲ. ಹಕ್ಕು ಪಡೆದು ಮಾಡಿದ ಮರುಮುದ್ರಣದಲ್ಲಿ ಅವರಿಗೂ ಪಾಲು ಸಿಗುವ ದಾರಿಯಿದೆ. ಹಳೆಯ ರೆಕಾರ್ಡಿನಿಂದಲೇ ನಕಲು ತೆಗೆದ ಕಳ್ಳ ಪ್ರತಿಗಳೂ ಅಂಗಡಿಯಲ್ಲಿರುತ್ತವೆ. ಆದ್ದರಿಂದ ಕೊಳ್ಳುವ ಮೊದಲು ಹೊದಿಕೆಯ ಹಿಂಬದಿ ಓದಿ. ಹಕ್ಕು ಯಾರದೆಂದು ಬರೆದಿರದಿದ್ದರೆ, ದಯವಿಟ್ಟು ಆ ರೆಕಾರ್ಡನ್ನು ಅಲ್ಲೇ ಇಟ್ಟುಬನ್ನಿ.