ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರ

ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆ ಬಹುಮಟ್ಟಿಗೆ ನಾಟಕಕಾರರ ಹಾಗೂ ನಿರ್ದೇಶಕರ ಚರಿತ್ರೆಯಾಗಿದೆ. ನಾಟಕ ನಡೆದ ಸ್ಥಳ ಅದರಲ್ಲಿ ಬರಿಯ ಹೆಸರಾಗಿ ಬಂದು ಹೋಗುತ್ತದೆಯೇ ಹೊರತು ಚರ್ಚೆಯ ವಸ್ತುವಾಗುವುದು ವಿರಳ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1972ರಲ್ಲಿ ನಿರ್ಮಾಣವಾದ ಶಿವರಾಮ ಕಾರಂತ ರಂಗಮಂದಿರವನ್ನು ಹೀಗೆ ಬದಿಗಿರಿಸಿದರೆ ನೀನಾಸಮ್‌ನ ಬೆಳವಣಿಗೆಯ ಒಂದು ಮುಖ್ಯ ಕೊಂಡಿಯೇ ತಪ್ಪಿಹೋಗುತ್ತದೆ.

ಊರ ದೇವರ ಹೆಸರನ್ನು ಹೊತ್ತ ನೀಲಕಂಠೇಶ್ವರ ನಾಟ್ಯಸೇವಾ ಸಂಘ 1949ರಲ್ಲಿ ಆರಂಭವಾದಾಗ ಅದು ಅಡಕೆ ಕೃಷಿಕರ ಹಳ್ಳಿಯೊಂದರ ಹವ್ಯಾಸಿ ತಂಡ. ಸಂಘದ ಸ್ಥಾಪನೆಗೂ ಮಂದಿರದ ನಿರ್ಮಾಣಕ್ಕೂ ನಡುವೆ 23 ವರ್ಷಗಳ ಅಂತರವಿದೆ. ಈ ಅಂತರ ಗಮನಾರ್ಹವಾದುದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ (1963) ಠಾಕೂರರ ಜನ್ಮಶತಾಬ್ದಿಯ ಸ್ಮರಣೆಗೆಂದು ಸರ್ಕಾರ ಕಟ್ಟಿಸಿದ್ದು. ಬೇರೆ ಬೇರೆ ತಂಡಗಳು ಅದನ್ನು ಬಾಡಿಗೆಗೆ ಪಡೆದು ಬಳಸುತ್ತವೆ. ಹೆಗ್ಗೋಡಿನಲ್ಲಾದರೋ ನಟರೂ ಪ್ರೇಕ್ಷಕರೂ ಮೊದಲೇ ಇದ್ದರು, ಕಟ್ಟಡ ಆಮೇಲೆ ಬಂತು.

ಮಲೆನಾಡಿನಲ್ಲಿ ಸೂರು ಎಂಬುದು ಸಣ್ಣ ಸಂಗತಿಯಲ್ಲ. ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳಗಳ ಬಯಲಾಟವೂ ನಿಲ್ಲುತ್ತದೆ. ಸ್ಥಿರವಾದ ಮಂದಿರ ದೊರೆತದ್ದರಿಂದ ರಂಗಚಟುವಟಿಕೆ ಋತುವಿನ ಹಂಗಿನಿಂದ ಬಿಡುಗಡೆ ಪಡೆಯಿತು; ಉತ್ಸವದ ರಾತ್ರಿಗೆ ಸೀಮಿತವಾಗಿದ್ದುದು ವರ್ಷವಿಡೀ ನಡೆಯಬಹುದಾದ ಅಭ್ಯಾಸವಾಯಿತು. 1970ರ ದಶಕದಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾದದ್ದು ಈ ನೆಲೆಯ ಮೇಲೆಯೇ. ಹಳ್ಳಿಯವರು ಜಗತ್ತಿನ ಚಲನಚಿತ್ರಗಳನ್ನು ನೋಡಿದರೆಂದು ಬೆರಗುಪಡುವ ಬರಹಗಳು ಸಾಕಷ್ಟಿವೆ. ಆ ಬೆರಗು ಹೆಗ್ಗೋಡಿಗಿಂತ ಹೆಚ್ಚಾಗಿ ಬೆರಗುಪಟ್ಟವರನ್ನು ಕುರಿತು ಹೇಳುತ್ತದೆ.

ಮಂದಿರದ ಹೆಸರೂ ಅರ್ಥಪೂರ್ಣವಾದುದು. ಕಾರಂತರು ಹೆಗ್ಗೋಡಿನವರಲ್ಲ, ಕೋಟದವರು. ನಾಟಕ ಬರೆದರೂ ಅವರ ಖ್ಯಾತಿ ಮುಖ್ಯವಾಗಿ ಕಾದಂಬರಿಯದು, ಯಕ್ಷಗಾನ ಪ್ರಯೋಗದ್ದು. ಒಂದೇ ಪ್ರಕಾರಕ್ಕೆ ಕಟ್ಟುಬೀಳದ ಅಂಥವರ ಹೆಸರು, ಕೆ.ವಿ. ಸುಬ್ಬಣ್ಣನವರು (1932–2005) ರಂಗಭೂಮಿ, ಸಿನಿಮಾ, ಪ್ರಕಾಶನಗಳನ್ನು ಒಂದೇ ಕೆಲಸವೆಂದು ಬಗೆದ ಸ್ಥಳಕ್ಕೆ ಒಪ್ಪುತ್ತದೆ.

ಆದರೆ ಸ್ಥಿರಮಂದಿರ ಒಂದು ತೊಡಕನ್ನೂ ತಂದಿತೆನ್ನಬೇಕು. ತರಬೇತಿ ಪಡೆದ ನಟರು ಬಂದ ಮೇಲೆ ಊರ ಹವ್ಯಾಸಿಗಳ ಸ್ಥಾನವೇನು? ಊರಿನ ತಂಡದ ನಾಟಕಗಳು ನಿಲ್ಲಲಿಲ್ಲವೆಂಬುದೇ ಇದಕ್ಕೆ ದೊರೆತ ಭಾಗಶಃ ಉತ್ತರ. 1985ರಲ್ಲಿ ಆರಂಭವಾದ 'ತಿರುಗಾಟ' ಇನ್ನೊಂದು ಉತ್ತರ. ಮೇಳಗಳಿಂದ ಪಡೆದ ಈ ಪದದೊಂದಿಗೆ ಮೇಳಗಳ ಕ್ರಮವೂ ಬಂತು: ಹೆಗ್ಗೋಡಿನಲ್ಲಿ ಸಿದ್ಧವಾದ ನಾಟಕ, ಅಂಥ ಸೌಕರ್ಯವಿಲ್ಲದ ಊರುಗಳಲ್ಲಿ ಸಿಕ್ಕಿದ ವೇದಿಕೆಗೆ ಪ್ರತಿ ಸಲವೂ ತನ್ನನ್ನು ಹೊಂದಿಸಿಕೊಳ್ಳಬೇಕಾಯಿತು.